ಟಚಿಂಗ್ ಅಕ್ಕ ಹಳೇ ಲ್ಯಾಪ್‌ಟಾಪ್ ನೋಡಿದ್ದು

ಇಪ್ಪತ್ತೇಳು ವರ್ಷ ಒಂದೇ ಸ್ಟುಡಿಯೋದ ಒಂದೇ ಮೂಲೆಯಲ್ಲಿ ಕೂತು ಆಕೆ ಫೋಟೋ ತಿದ್ದಿದಳು. ಮೊದಲು ಕುಂಚ ಹಿಡಿದು, ಆಮೇಲೆ ಮೌಸು ಹಿಡಿದು. ಹರಿದ ಫೋಟೋ ಕೂಡಿಸುವುದು, ಕಲೆ ತೆಗೆಯುವುದು, ಮಾಸಿದ ಮುಖಕ್ಕೆ ಬಣ್ಣ ತುಂಬುವುದು, ಇದಕ್ಕೆಲ್ಲ ಕಸುಬಿನವರು ಟಚಿಂಗ್ ಅನ್ನುತ್ತಾರೆ. ಹಾಗಾಗಿ ಆಕೆ ಟಚಿಂಗ್ ಅಕ್ಕ ಆದಳು. ಅಪ್ಪ ಅಮ್ಮ ಇಟ್ಟ ಹೆಸರಿಗೆ ಬ್ಯಾಂಕಿನ ಪಾಸ್‌ಬುಕ್ಕು ಬಿಟ್ಟರೆ ಬೇರೆಲ್ಲೂ ಕೆಲಸವಿರಲಿಲ್ಲ.

ಬರುವ ಗಿರಾಕಿಗಳಲ್ಲಿ ಮುಕ್ಕಾಲುಪಾಲು ಸತ್ತವರ ಕಡೆಯವರು. ಹೆಬ್ಬೆರಳಿನ ಉಗುರಿನಷ್ಟು ಗುರುತಿನ ಚೀಟಿಯ ಫೋಟೋ ತಂದು, "ಇದೊಂದೇ ಇರೋದು ಅಕ್ಕ, ಗೋಡೆಗೆ ಹಾಕೋ ಹಾಗೆ ದೊಡ್ಡದು ಮಾಡಿಕೊಡಿ" ಅನ್ನುವರು. ಆಮೇಲೆ ಆಕೆಯ ಕುರ್ಚಿಯ ಹಿಂದೆ ನಿಂತುಕೊಳ್ಳುವರು. ಇನ್ನೂ ಸ್ವಲ್ಪ ಬೆಳ್ಳಗಿದ್ದರು, ಅಷ್ಟಲ್ಲ, ಕಿವಿ ಹತ್ತಿರ ಒಂದು ಮಚ್ಚೆ ಇತ್ತು, ಬಲಗಡೆ ಅಲ್ಲ ಎಡಗಡೆ. ಬದುಕಿದ್ದಾಗ ಅಪ್ಪನ ಮುಖ ನೆಟ್ಟಗೆ ನೋಡದವರೂ ಆಗ ಹುಬ್ಬಿನ ಕೂದಲು ಎಣಿಸುತ್ತಿದ್ದರು. ಒಬ್ಬ ಬಂದು ಅಪ್ಪನ ಮುಖಕ್ಕೆ ಸ್ವಲ್ಪ ನಗು ಹಾಕಿಕೊಡಿ ಅಂದ.

"ನಿಮ್ಮಪ್ಪ ನಗ್ತಿದ್ರಾ?"

"ಇಲ್ಲ ಅಕ್ಕ. ಒಂದು ದಿನಾನೂ ಇಲ್ಲ."

"ಹಾಗಾದ್ರೆ ಈಗ ನಗಿಸಿದ್ರೆ ನಿಮ್ಮ ಮನೆಯವ್ರೇ ಯಾರಿವನು ಅಂತ ಕೇಳ್ತಾರೆ ಬಿಡಪ್ಪ."

ಅಂಥ ಸ್ಟುಡಿಯೋ ಮುಚ್ಚಿತು. ಎಲ್ಲರ ಕೈಗೂ ಫೋನು ಬಂದ ಮೇಲೆ ಫೋಟೋ ತೆಗೆಸಲು ಬರುವವರೇ ಕಡಿಮೆ, ಜೊತೆಗೆ ಸ್ಟುಡಿಯೋ ಯಜಮಾನರ ಮಂಡಿ ಎರಡೂ ಕೈಕೊಟ್ಟಿದ್ದವು. ಜಾಗವನ್ನು ಚಪ್ಪಲಿ ಅಂಗಡಿಯವರು ಹಿಡಿದರು. ಬಿಡುವಾಗ ಯಜಮಾನರು ಆಕೆಯ ಕೈಗೆ ಒಂದಿಷ್ಟು ಹಣ ಇಟ್ಟು, "ಮನೇಲಿ ಕೂತು ಕೆಲಸ ಮುಂದುವರಿಸಮ್ಮ. ನಿನ್ನ ಕಣ್ಣು ಸುಮ್ಮನೆ ಕೂರೋ ಕಣ್ಣಲ್ಲ" ಅಂದರು. ಆ ಹಣಕ್ಕೆ ಒಂದು ಲ್ಯಾಪ್‌ಟಾಪು ಬರುತ್ತಿತ್ತು. ಒಂದೇ. ತಪ್ಪಿದರೆ ಇನ್ನೊಂದು ಇಲ್ಲ.

ಯಾವುದು ತೆಗೆದುಕೊಳ್ಳಬೇಕು ಅನ್ನುವುದಕ್ಕೆ ಮನೆಯಲ್ಲಿ ಮೂರು ದಿನ ಜಗಳ ನಡೆಯಿತು. ಜಗಳ ಅಂದರೆ ಆಕೆಗೂ ತಂಗಿಯ ಮಗಳಿಗೂ. ಗಂಡ ಬಸ್ ಡಿಪೋದಲ್ಲಿ ಸೀಟು ಹೊಲಿಯುವವನು, ಮಾತು ಕಡಿಮೆ. ಅವನು ಊಟ ಮಾಡಿ ಎದ್ದು ಹೋಗುತ್ತಿದ್ದ. ತಂಗಿಯ ಮಗಳು ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮಾತಿಗೆ ಕೂತಳೆಂದರೆ ಎದುರಿನವರಿಗೆ ಉಸಿರು ಎಳೆದುಕೊಳ್ಳಲೂ ಸಂದು ಕೊಡುತ್ತಿರಲಿಲ್ಲ.

"ದೊಡ್ಡಮ್ಮ, ಏಳು ವರ್ಷದ ಹಳೇದು! ಲ್ಯಾಪ್‌ಟಾಪಿಗೆ ಏಳು ಅಂದ್ರೆ ಮನುಷ್ಯರಿಗೆ ಎಪ್ಪತ್ತು."

"ನನಗೂ ಐವತ್ತೆರಡಾಯ್ತು. ನನ್ನನ್ನೂ ಗುಜರಿಗೆ ಹಾಕ್ತೀಯೇನೇ?"

"ತಮಾಷೆ ಬೇಡ. ಕಂಪನಿಯವರು ಅದಕ್ಕೆ ಅಪ್‌ಡೇಟ್ ಕೊಡೋದು ನಿಲ್ಲಿಸಿಬಿಟ್ಟಿದ್ದಾರೆ. ಮೆಮೊರಿ ಒಳಗೇ ಬೆಸುಗೆ ಹಾಕಿರ್ತಾರೆ, ಆಮೇಲೆ ಹೆಚ್ಚು ಮಾಡ್ತೀನಿ ಅಂದ್ರೂ ಆಗಲ್ಲ. ಬ್ಯಾಟರಿ ಸತ್ತಿರುತ್ತೆ. ಒಂದು ಕಾಲದಲ್ಲಿ ದೊಡ್ಡೋರು ಇಟ್ಟುಕೊಳ್ತಿದ್ದ ಮಾಲು ಅಂತ ಅದರ ಡೌಲು ನೋಡಿ ಮರುಳಾಗಬೇಡ. ಅದೇ ದುಡ್ಡಿಗೆ ಹೊಸದು ಬರುತ್ತೆ, ವಾರಂಟಿ ಸಮೇತ."

"ನಿಮ್ಮ ಅಂಗಡೀಲಿ ಹೊಸದರ ಸ್ಕ್ರೀನು ನೋಡಿದೆ ಕಣೇ. ನೇರ ಕೂತ್ರೆ ಒಂದು ಬಣ್ಣ, ಕತ್ತು ಓರೆ ಮಾಡಿದ್ರೆ ಇನ್ನೊಂದು. ಕಪ್ಪಗಿರೋ ಮನುಷ್ಯ ಬೂದುಗುಂಬಳದ ಹಾಗೆ ಕಾಣ್ತಾನೆ. ಅದರಲ್ಲಿ ಲೆಕ್ಕ ಬರೀಬಹುದು, ಮುಖ ಬರೆಯೋಕಾಗಲ್ಲ."

"ಕೀಲಿಮಣೆ ಫೋನ್ ಇಟ್ಟುಕೊಂಡಿರೋಳು ಸ್ಕ್ರೀನ್ ವಿಚಾರ ನನಗೆ ಹೇಳ್ತಾಳೆ ನೋಡು!"

ನಿಜವೇ. ಆಕೆಯ ಹತ್ತಿರ ಇದ್ದದ್ದು ಗುಂಡಿ ಒತ್ತುವ ಸಣ್ಣ ಫೋನು. ಕಣ್ಣನ್ನು ಕೆಲಸಕ್ಕೆ ಮಾತ್ರ ಖರ್ಚು ಮಾಡಬೇಕು ಅನ್ನುವುದು ಆಕೆಯ ಹಟ. ಸ್ಕ್ರೀನು ಅಂದರೆ ಆಕೆಗೆ ಸ್ಟುಡಿಯೋದ ಆ ಒಂದೇ ಸ್ಕ್ರೀನು. ಅದೇ ಕಂಪ್ಯೂಟರಿನ ಮುಂದೆ ಹದಿನೈದು ವರ್ಷ ಕೂತಿದ್ದಳು.

ಆ ನಡುವೆ ಇನ್ನೊಂದು ಕಿರಿಕಿರಿ ಆಯಿತು. ಸ್ಟುಡಿಯೋದಲ್ಲಿ ಕೊನೆಗೆ ಮಾಡಿದ ಕೆಲಸ ಚಾವಿ ಮಾಡುವವನ ತಾಯಿಯ ಫೋಟೋ. ತಿದ್ದಿ ಮುಗಿಸುವ ಹೊತ್ತಿಗೆ ಅಲ್ಲಿನ ಪ್ರಿಂಟರು ಮಾರಾಟವಾಗಿತ್ತು. ಫೈಲನ್ನು ಬೀದಿ ತುದಿಯ ಇನ್ನೊಂದು ಪ್ರೆಸ್ಸಿಗೆ ಕೊಟ್ಟು ಹಾಕಿಸಿಕೋ ಅಂದಿದ್ದಳು. ಅವನು ಮರುದಿನ ಸುರುಳಿ ಹಿಡಿದು ಮನೆ ಬಾಗಿಲಿಗೇ ಬಂದ.

"ಅಕ್ಕ, ಬೇಜಾರು ಮಾಡ್ಕೋಬೇಡಿ. ಇದು ನಮ್ಮಮ್ಮ ಹೌದು. ಆದ್ರೆ ಹೋದ ದಿನ ಹೇಗಿದ್ಲೋ ಹಾಗಿದ್ದಾಳೆ."

ಬಿಚ್ಚಿ ನೋಡಿದಳು. ಮುದುಕಿಯ ಮುಖಕ್ಕೆ ಬೂದಿ ಬಳಿದ ಹಾಗಿತ್ತು. ಟಚಿಂಗ್ ಅಕ್ಕ ಸೆರಗು ಸಿಕ್ಕಿಸಿಕೊಂಡು ನೇರ ಪ್ರೆಸ್ಸಿಗೇ ಹೋಗಿ ಅಲ್ಲಿನವರ ಗ್ರಹಚಾರ ಬಿಡಿಸಿದಳು. "ಇಪ್ಪತ್ತೇಳು ವರ್ಷದಲ್ಲಿ ನನ್ನ ಕೆಲಸ ಒಂದು ದಿನಾನೂ ವಾಪಸ್ ಬಂದಿಲ್ಲ, ತಿಳ್ಕೊಳ್ಳಿ. ಶಾಯಿ ಹಾಕೋಕೆ ಬರಲ್ಲ ಅಂದ್ರೆ ಚಪ್ಪಲಿ ಹೊಲೀರಿ." ಪ್ರೆಸ್ಸಿನವನು ಪಾಪ, "ನೀವು ಕೊಟ್ಟಿದ್ದನ್ನೇ ಹಾಕಿದ್ದೀವಿ ತಾಯಿ" ಅಂದ.

ಹಳೇ ಲ್ಯಾಪ್‌ಟಾಪು ಇದ್ದದ್ದು ಭೂತಗನ್ನಡಿಯ ಅಂಗಡಿಯಲ್ಲಿ. ರಿಪೇರಿಯವನು ಹಣೆಗೆ ಯಾವಾಗಲೂ ಒಂದು ಭೂತಗನ್ನಡಿ ಕಟ್ಟಿಕೊಂಡಿರುತ್ತಿದ್ದ. ಊಟಕ್ಕೆ ಕೂತಾಗಲೂ ಬಿಚ್ಚುತ್ತಿರಲಿಲ್ಲ, ಅದೇ ಹೆಸರಾಯಿತು. ಮೆಟ್ಟಿಲ ಕೆಳಗಿನ ಇಕ್ಕಟ್ಟು ಜಾಗ. ಗೋಡೆ ತುಂಬ ಕರುಳು ಕಿತ್ತ ಯಂತ್ರಗಳು, ಬೆಸುಗೆ ಹೊಗೆಯ ವಾಸನೆ. ಅವನು ಒಂದು ಬಟ್ಟೆ ಸರಿಸಿ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ತೆಗೆದಿಟ್ಟ. ಒಂದೇ ಲೋಹದ ಹಲಗೆಯಿಂದ ಕೊರೆದ ಮೈ, ತಣ್ಣಗೆ, ತೂಕವಾಗಿ. ಒಂದು ಮೂಲೆ ಜಜ್ಜಿತ್ತು. ಎರಡು ಗುಂಡಿಗಳ ಮೇಲಿನ ಅಕ್ಷರ ಯಾರದೋ ಬೆರಳಿಗೆ ಸವೆದು ಹೋಗಿತ್ತು.

"ಸುಳ್ಳು ಹೇಳಲ್ಲ ಅಕ್ಕ. ಜಾಹೀರಾತು ಮಾಡೋ ಆಫೀಸಿನದು. ಹೊಸದಿದ್ದಾಗ ಇದನ್ನ ಮುಟ್ಟೋಕೂ ನಮ್ಮಂಥೋರನ್ನ ಬಿಡ್ತಿರಲಿಲ್ಲ. ಬ್ಯಾಟರಿ ಹೋಗಿದೆ, ವೈರು ಹಾಕಿಕೊಂಡೇ ಇರಬೇಕು. ಮೂರು ವರ್ಷ ಓಡುತ್ತೆ. ಐದು ಅಂದ್ರೆ ನಾನು ಕಳ್ಳ."

"ಸ್ಕ್ರೀನು?"

"ಸ್ಕ್ರೀನಿಗೋಸ್ಕರಾನೇ ನಿಮಗೆ ಹೇಳಿ ಕಳಿಸಿದ್ದು. ಈ ದುಡ್ಡಿಗೆ ಇಂಥ ಸ್ಕ್ರೀನು ಹೊಸದರಲ್ಲಿ ಸಿಗಲ್ಲ. ಇನ್ನೊಬ್ಬ ಕೇಳಿದ್ದಾನೆ. ಗುರುವಾರ ಮಧ್ಯಾಹ್ನದ ತನಕ ನಿಮಗೆ ಅಂತ ಇಟ್ಟಿರ್ತೀನಿ."

ಟಚಿಂಗ್ ಅಕ್ಕ ಚೀಲದಿಂದ ಪೆನ್‌ಡ್ರೈವ್ ತೆಗೆದಳು. ಅದರಲ್ಲಿ ಇದ್ದದ್ದು ಒಂದೇ ಚಿತ್ರ.

ಇಲ್ಲಿ ಆ ಕಸುಬಿನ ಒಂದು ಪದ್ಧತಿ ಹೇಳಬೇಕು. ಫೋಟೋ ತಿದ್ದುವವರು ಬೆಳಿಗ್ಗೆ ಕೆಲಸಕ್ಕೆ ಕೂರುವ ಮುಂಚೆ ತಮಗೆ ಕಣ್ಣು ಮುಚ್ಚಿದರೂ ಕಾಣುವಂಥ ಒಂದು ಚಿತ್ರ ತೆರೆದು ನೋಡುತ್ತಾರೆ. ಅದು ಸರಿಯಾಗಿ ಕಂಡರೆ ಸ್ಕ್ರೀನು ಸರಿ, ಆ ದಿನದ ಕೆಲಸಕ್ಕೆ ಭಯವಿಲ್ಲ. ಆಕೆ ಅದನ್ನು ಸಾಕ್ಷಿ ಅನ್ನುತ್ತಿದ್ದಳು. ಆಕೆಯ ಸಾಕ್ಷಿ ಆಕೆಯ ಮಗಳು.

ಆ ಮಗುವನ್ನು ಮನೆಯಲ್ಲಿ ಮುದುಕಮ್ಮ ಅನ್ನುತ್ತಿದ್ದರು. ಆರು ವರ್ಷಕ್ಕೇ ಅರವತ್ತರ ಮಾತು. "ಅಮ್ಮ, ಹಾಗೆಲ್ಲ ಕೂಗಾಡಬಾರದು, ಬಿಪಿ ಬರುತ್ತೆ" ಅಂತ ಸೊಂಟದ ಮೇಲೆ ಕೈಯಿಟ್ಟು ಹೇಳುವಳು. ಒಂದು ಮಧ್ಯಾಹ್ನ ಶಾಲೆಯಿಂದ ಸ್ಟುಡಿಯೋಗೆ ಬಂದು ಅಮ್ಮನಿಗೆ ಕಾಯುತ್ತಿದ್ದಾಗ ಯಜಮಾನರು ಸ್ಟೂಲಿನ ಮೇಲೆ ಕೂರಿಸಿ ತೆಗೆದ ಫೋಟೋ ಅದು. ಮುಂದಿನ ಎರಡು ಹಲ್ಲು ಬಿದ್ದಿದ್ದವು. ಅದು ಕಾಣಬಾರದು ಅಂತ ತುಟಿ ಬಿಗಿ ಹಿಡಿದಿದ್ದಾಳೆ, ಕಣ್ಣು ಮಾತ್ರ ನಗುತ್ತಿವೆ. ಅದಾದ ಎಂಟು ತಿಂಗಳಿಗೆ ಅವಳ ಉಸಿರಿಗೆ ಏನೋ ಹತ್ತಿಕೊಂಡಿತು. ಆಸ್ಪತ್ರೆಯಲ್ಲಿ ಒಂಬತ್ತು ದಿನ. ಹದಿನಾಲ್ಕು ವರ್ಷದ ಹಿಂದಿನ ಮಾತು.

ಗಂಡ ಆಗ ಒಂದೇ ಒಂದು ಮಾತು ಹೇಳಿದ್ದ: "ಗೋಡೆ ಮೇಲೆ ಬೇಡ." ಆಕೆ ಎದುರಾಡಲಿಲ್ಲ. ಇದ್ದ ನಾಲ್ಕಾರು ಫೋಟೋ ಅವನ ತಾಯಿಯ ಮನೆ ಸೇರಿದವು, ಆ ಮನೆ ಒಡೆದು ಕಟ್ಟುವಾಗ ಅವೂ ಎಲ್ಲೋ ಹೋದವು. ಉಳಿದದ್ದು ಸ್ಟುಡಿಯೋದ ಕಂಪ್ಯೂಟರಿನಲ್ಲಿದ್ದ ಈ ಒಂದು. ಆಮೇಲೆ ಮನೆಯಲ್ಲಿ ಆ ಮಗುವಿನ ಸುದ್ದಿ ಯಾರೂ ಎತ್ತಲಿಲ್ಲ. ಊರೂರ ಹೆಣಗಳನ್ನೆಲ್ಲ ಗೋಡೆಗೇರಿಸುವ ಹೆಂಗಸಿನ ಮನೆಯ ಗೋಡೆ ಬರಿದಾಗಿತ್ತು. ಆದರೆ ದಿನಾ ಬೆಳಿಗ್ಗೆ ಐದು ನಿಮಿಷ, ಸ್ಕ್ರೀನು ಪರೀಕ್ಷೆಯ ನೆಪ ಇತ್ತಲ್ಲ.

ಭೂತಗನ್ನಡಿ ಪೆನ್‌ಡ್ರೈವ್ ಸಿಕ್ಕಿಸಿದ. ಚಿತ್ರ ತೆರೆಯಿತು.

ಸ್ಟೂಲಿನ ಮೇಲೆ ಕೂತಿದ್ದ ಹುಡುಗಿಯ ತುಟಿ ನೀಲಿಗಟ್ಟಿತ್ತು. ಕೆನ್ನೆ ಬೂದಿ. ಕಣ್ಣಿನ ಕೆಳಗೆ ಸೀಸದ ಬಣ್ಣ. ಆಸ್ಪತ್ರೆಯ ಕೊನೆಯ ಮೂರು ದಿನ ಅವಳು ಹೇಗಿದ್ದಳೋ, ಹಾಗೇ, ಯೂನಿಫಾರ್ಮ್ ಹಾಕಿಕೊಂಡು ಕೂತಿದ್ದಳು.

ಯಾರ ಮಗು ಅಂತ ಗೊತ್ತಿಲ್ಲದ ಭೂತಗನ್ನಡಿ ಬಗ್ಗಿ ನೋಡಿದ. "ಈ ಪಾಪುಗೆ ಹುಷಾರಿರಲಿಲ್ವಾ ಅಕ್ಕ?"

"ನಿನ್ನ ಸ್ಕ್ರೀನು ಕೆಟ್ಟಿದೆ."

"ಇಲ್ಲ ಅಕ್ಕ, ನಾನೇ ನಿನ್ನೆ..."

"ಕೆಟ್ಟಿದೆ ಅಂದ್ನಲ್ಲ! ಹದಿನಾಲ್ಕು ವರ್ಷ ದಿನಾ ನೋಡಿದ್ದೀನಿ ಇದನ್ನ. ನನಗೆ ಹೇಳಿಕೊಡ್ತೀಯಾ?"

ಅವನು ವಾದಕ್ಕೆ ನಿಲ್ಲಲಿಲ್ಲ. ಸ್ಕ್ರೀನಿನ ಮೇಲೆ ಏನೂ ಇಲ್ಲದ ಖಾಲಿ ಬಿಳಿ ಪುಟ ತಂದ. ಬಿಲ್ಲು ಪುಸ್ತಕದಿಂದ ಒಂದು ಹಾಳೆ ಹರಿದು, ಲ್ಯಾಪ್‌ಟಾಪನ್ನು ಬಾಗಿಲ ಬೆಳಕಿಗೆ ತಿರುಗಿಸಿ, ಹಾಳೆಯನ್ನು ಸ್ಕ್ರೀನಿನ ಪಕ್ಕಕ್ಕೆ ಹಿಡಿದ. "ನೀವೇ ಹೇಳಿ."

ಕಾಗದದ ಬಿಳಿ, ಗಾಜಿನ ಬಿಳಿ, ಎರಡೂ ಒಂದೇ. ಅಣ್ಣ ತಮ್ಮನ ಹಾಗೆ.

ಆಕೆಗೆ ಆ ಪರೀಕ್ಷೆ ಗೊತ್ತಿಲ್ಲದ್ದೇನಲ್ಲ. ಕಲಿಯುವ ಕಾಲದಲ್ಲಿ ತಾನೇ ಮಾಡಿದ್ದು. ಆದರೆ ಮಗಳ ಚಿತ್ರ ಸಾಕ್ಷಿಯಾದ ಮೇಲೆ ಕಾಗದ ಹಿಡಿದು ನೋಡುವುದನ್ನೇ ಬಿಟ್ಟಿದ್ದಳು. ಕಾಗದದಲ್ಲಿ ಮುಖ ಇರುವುದಿಲ್ಲವಲ್ಲ.

ಚಾವಿಯವನ ತಾಯಿಯ ಬೂದಿ ಮುಖ ನೆನಪಾಯಿತು. ಪೆನ್‌ಡ್ರೈವ್ ಕಿತ್ತುಕೊಂಡು, "ಗುರುವಾರ ಹೇಳ್ತೀನಿ ತಮ್ಮ" ಅಂತ ಹೊರಬಿದ್ದಳು. ಬಿಸಿಲಿನಲ್ಲಿ ಕಾಲು ಎಲ್ಲಿ ಬೀಳುತ್ತಿದೆ ಅಂತ ನೋಡದೆ ಸ್ಟುಡಿಯೋ ತನಕ ನಡೆದಳು.

ಸ್ಟುಡಿಯೋದಲ್ಲಿ ಗೋಡೆಯ ಪರದೆಗಳೆಲ್ಲ ಕೆಳಗಿಳಿದಿದ್ದವು. ಪ್ರಿಂಟರು ಇದ್ದ ಕಡೆ ನೆಲದ ಮೇಲೆ ನಾಲ್ಕು ಕಾಲಿನ ಗುರುತು ಮಾತ್ರ. ಯಜಮಾನರು ಹಳೆಯ ಲೆನ್ಸುಗಳನ್ನು ಒಂದೊಂದಾಗಿ ಬನಿಯನ್ ಬಟ್ಟೆಯಲ್ಲಿ ಸುತ್ತುತ್ತಿದ್ದರು. ಮೂಲೆಯಲ್ಲಿ ಆಕೆಯ ಕಂಪ್ಯೂಟರು ಇನ್ನೂ ಮೇಜಿನ ಮೇಲಿತ್ತು. ಗುಜರಿಯವನು ಸಂಜೆ ಬರುವವನಿದ್ದ.

"ಸಾರ್, ನಮ್ಮಲ್ಲಿ ಪ್ರಿಂಟ್ ಚೆನ್ನಾಗಿ ಬರ್ತಿತ್ತಲ್ಲ?"

"ಬರದೆ ಏನಮ್ಮ. ಬರೋ ಹಾಗೆ ಮಾಡಿಕೊಂಡಿದ್ದೆ."

"ಏನು ಮಾಡಿಕೊಂಡಿದ್ರಿ?"

ಯಜಮಾನರು ಲೆನ್ಸು ಸುತ್ತುವುದನ್ನು ನಿಲ್ಲಿಸಿದರು. ಹೇಳಬೇಕೋ ಬೇಡವೋ ಅಂತ ಒಂದು ಗಳಿಗೆ ಆಕೆಯ ಮುಖ ನೋಡಿದರು. "ನಿನ್ನ ಸ್ಕ್ರೀನು ಹಳೇದಾಗ್ತಾ ಹಳದಿಗೆ ತಿರುಗ್ತು. ಒಳಗಿನ ದೀಪದ ಗುಣ ಅದು. ಹಳದಿ ಕಂಡಿದ್ದಕ್ಕೆ ನೀನು ಚೂರು ಚೂರು ನೀಲಿ ಬೆರೆಸ್ತಾ ಹೋದೆ. ನಾನು ಪ್ರಿಂಟರಿನಲ್ಲಿ ಅಷ್ಟೇ ನೀಲಿ ತೆಗೀತಾ ಹೋದೆ. ಕಾಗದದ ಮೇಲೆ ಸರಿ ಬರ್ತಿತ್ತಲ್ಲ, ಇನ್ನೇನು?"

"ಎಷ್ಟು ವರ್ಷದಿಂದ?"

"ಆಯ್ತು, ಎಂಟೊಂಬತ್ತು."

"ಒಂದು ಮಾತು ಹೇಳೋಕೆ ಏನಾಗಿತ್ತು ಸಾರ್ ನಿಮಗೆ? ಬಾಯಲ್ಲಿ ಏನು ಇಟ್ಟುಕೊಂಡಿದ್ರಿ?"

ಇಪ್ಪತ್ತೇಳು ವರ್ಷದಲ್ಲಿ ಆಕೆ ಯಜಮಾನರ ಎದುರು ದನಿ ಎತ್ತಿದ್ದು ಅದೇ ಮೊದಲು. ಅವರು ಸಿಟ್ಟಾಗಲಿಲ್ಲ. ಮಂಡಿ ಒತ್ತಿಕೊಳ್ಳುತ್ತಾ ನೆಲ ನೋಡಿದರು.

"ಹೊಸ ಸ್ಕ್ರೀನು ತರಬೇಕಾಗ್ತಿತ್ತು. ಜುಗ್ಗತನ ಅನ್ನು, ಒಪ್ಕೋತೀನಿ. ಆದ್ರೆ ಅದೊಂದೇ ಅಲ್ಲ. ಬೆಳಿಗ್ಗೆ ಬಂದೋಳೇ ನೀನು ಅದರ ಮುಂದೆ ಕೂರ್ತಿದ್ಯಲ್ಲ. ನಾನು ಆ ಹೊತ್ತಿಗೆ ಬೇಕಂತಲೇ ಹೊರಗೆ ಕಾಫಿಗೆ ಹೋಗ್ತಿದ್ದೆ. ಅದನ್ನ ಕಿತ್ತು ಬೇರೇದು ಇಡೋಕೆ ನನಗೆ ಕೈ ಬರ್ಲಿಲ್ಲಮ್ಮ."

ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದ ಐದು ನಿಮಿಷ ಅದು.

ಯಜಮಾನರೇ ಕೇಳಿದರು. "ಮಗುವಿನ ಮೊದಲಿನ ಫೈಲು ಇದೆಯಾ? ನಾನು ತೆಗೆದಾಗ ಇದ್ದದ್ದು?"

ಇರಲಿಲ್ಲ. ಅದೇ ಆಕೆ ಮಾಡಿಕೊಂಡ ಅನಾಹುತ. ಬೇರೆಯವರ ಫೋಟೋ ತಿದ್ದುವಾಗ ಮೂಲವನ್ನು ಮುಟ್ಟದೆ ಪ್ರತಿ ತೆಗೆದುಕೊಂಡು ತಿದ್ದುವವಳು, ಮಗಳದ್ದನ್ನು ಮಾತ್ರ ಹಾಗೆ ಮಾಡಿರಲಿಲ್ಲ. ಯಾವುದೋ ಬೆಳಿಗ್ಗೆ ಕೆನ್ನೆ ಒಂದು ಕೂದಲೆಳೆಯಷ್ಟು ಹಳದಿ ಅನ್ನಿಸುವುದು. ಕೂದಲೆಳೆಯಷ್ಟೇ ತಿದ್ದುವಳು, ಉಳಿಸುವಳು. ಮಗುವಿನ ಕೆದರಿದ ಕೂದಲನ್ನು ಅಮ್ಮ ಹೋಗುತ್ತಾ ಬರುತ್ತಾ ಸವರುತ್ತಾಳಲ್ಲ, ಹಾಗೆ. ಸ್ಕ್ರೀನು ಕೆಟ್ಟಿದೆಯೇನೋ ಅನ್ನುವ ಅನುಮಾನ ಬರಲೇ ಇಲ್ಲ. ಸಾಕ್ಷಿಯನ್ನು ನೋಡಿ ಸ್ಕ್ರೀನನ್ನು ತಿದ್ದುವ ಬದಲು ಸ್ಕ್ರೀನನ್ನು ನಂಬಿ ಸಾಕ್ಷಿಯನ್ನೇ ತಿದ್ದುತ್ತಾ ಹೋಗಿದ್ದಳು. ಹೀಗೆ ನೂರಾರು ಬೆಳಿಗ್ಗೆ. ಒಂದರ ಮೇಲೊಂದು ಉಳಿಸಿ ಉಳಿಸಿ, ಮೊದಲು ಯಾವ ಬಣ್ಣವಿತ್ತು ಅನ್ನುವುದಕ್ಕೆ ಲೋಕದಲ್ಲಿ ಗುರುತೇ ಉಳಿದಿರಲಿಲ್ಲ.

ಯಜಮಾನರು ಎದ್ದು ಕಂಪ್ಯೂಟರಿನ ಸ್ವಿಚ್ಚು ಹಾಕಿದರು. "ಕೂತ್ಕೋ."

ಆಕೆ ತನ್ನ ಕುರ್ಚಿಯಲ್ಲಿ ಕೂತಳು. ಮುದುಕಮ್ಮ ಬಂದಳು. ಎಂದಿನ ಹಾಗೆ, ಕೆನ್ನೆಯಲ್ಲಿ ರಕ್ತ ತುಂಬಿಕೊಂಡು, ತುಟಿ ಬಿಗಿ ಹಿಡಿದು.

"ಇದನ್ನ ನೀನೇ ತಗೊಂಡು ಹೋಗಮ್ಮ. ಗುಜರಿಯವನಿಗೆ ಏನಾದ್ರೂ ಹೇಳಿಕೊಳ್ತೀನಿ. ಮನೇಲಿ ಒಂದು ಮೂಲೇಲಿ ಇಟ್ಕೋ. ದಿನಾ ನೋಡು. ಯಾರಿಗೇನು ನಷ್ಟ?"

ಆ ಮಾತಿಗೆ ಆಕೆಯ ಜೀವ ಎದ್ದು ನಿಂತಿತು. ಹೌದಲ್ಲ. ಸ್ಕ್ರೀನು ಇರುವ ತನಕ ಮಗಳು ಇರುತ್ತಾಳೆ. ಭೂತಗನ್ನಡಿಯ ಅಂಗಡಿಗೆ ಹೋದದ್ದನ್ನೇ ಮರೆತುಬಿಡುವುದು. ತಂಗಿಯ ಮಗಳು ಹೇಳಿದ ಹೊಸದೋ ಗಿಸದೋ ಒಂದು ತಂದು, ಇದಕ್ಕೇ ತಗುಲಿಸಿ, ಇದರಲ್ಲೇ ಕೆಲಸ ಮಾಡುವುದು. ಕೆಲಸ ಬೂದಿಯಾಗಿ ಬರುತ್ತದೆ. ಬರಲಿ, ಬೇಕಿದ್ದರೆ ಕೆಲಸವನ್ನೇ ಬಿಟ್ಟರಾಯಿತು. ಮಾಡಿದ್ದು ಸಾಲದೆ?

ಮೇಜಿನ ಮೇಲೆ ಬಿದ್ದಿದ್ದ ಒಂದು ಬಿಳಿ ಹಾಳೆಯನ್ನು ಕೈ ತಾನೇ ಎತ್ತಿಕೊಂಡಿತು. ಬೇಡ ಬೇಡ ಅನ್ನುತ್ತಲೇ ಸ್ಕ್ರೀನಿನ ಪಕ್ಕಕ್ಕೆ ಹಿಡಿದಳು. ಹಿಡಿದ ಮೇಲೆ ಮುಗಿಯಿತು. ಮಗಳ ಶಾಲೆಯ ಬಿಳಿ ಅಂಗಿ ಹೊಗೆ ಹಿಡಿದ ಗೋಡೆಯ ಹಾಗೆ ಹಳದಿಯಾಗಿತ್ತು. ಕೆನ್ನೆಯ ಕೆಂಪು ಮಗಳದ್ದಲ್ಲ, ಮುದಿ ದೀಪದ್ದು. ಆ ಹಳದಿಯ ಕೆಳಗೆ ನೀಲಿ ತುಟಿ ಹಾಗೇ ಇತ್ತು. ಹಾಳೆ ಕೆಳಗಿಟ್ಟು ನೋಡಿದಳು, ಕಣ್ಣು ಒರೆಸಿ ನೋಡಿದಳು. ಒಮ್ಮೆ ಕಂಡದ್ದು ಕಾಣದ ಹಾಗೆ ಆಗಲಿಲ್ಲ.

"ಬೇಡ ಸಾರ್."

"ಯೋಚನೆ ಮಾಡು."

"ಇವಳು ನನ್ನ ಮಗಳಲ್ಲ ಸಾರ್. ದೀಪದ ಮಗಳು."

ಯಜಮಾನರು ಹೊರಗೆ ಹೋದರು. ಕಾಫಿಗೇನಲ್ಲ, ಸುಮ್ಮನೆ ಬಾಗಿಲ ಮುಂದೆ ಬೆನ್ನು ಹಾಕಿ ನಿಂತರು. ಆಕೆ ಐದು ನಿಮಿಷ ಕೂತು, ಸ್ವಿಚ್ಚು ತೆಗೆದು ಎದ್ದಳು.

ಗುರುವಾರ ಹತ್ತು ಗಂಟೆಗೇ ಭೂತಗನ್ನಡಿಯ ಅಂಗಡಿ ಬಾಗಿಲಲ್ಲಿದ್ದಳು. ಜೊತೆಗೆ ತಂಗಿಯ ಮಗಳು, ಮುಖ ದಪ್ಪ ಮಾಡಿಕೊಂಡು.

"ದೊಡ್ಡಮ್ಮ, ಕೊನೇ ಸಲ ಹೇಳ್ತೀನಿ. ಮೂರು ವರ್ಷಕ್ಕೆ ಇದು ಕಲ್ಲಾಗುತ್ತೆ."

"ಮೂರು ವರ್ಷ ನಿಜ ಹೇಳಿದ್ರೆ ಸಾಕು ಕಣೇ. ಚಾವಿಯವನ ಅಮ್ಮನಿಂದ ಹಿಡಿದು ನಾನು ಕೊಟ್ಟ ಫೈಲೆಲ್ಲಾ ತಿದ್ದಿಕೊಡಬೇಕು."

"ಕೆಲಸ ಬಿಟ್ಟು ಆರಾಮಾಗಿ ಇರಬಾರದಾ?"

"ನನ್ನ ಮನೇದನ್ನ ನಾನೇ ಕೆಡಿಸಿಕೊಂಡೆ. ಬೇರೆಯವರದ್ದೂ ಹಾಗೇ ಬಿಡ್ಲಾ?"

ಹುಡುಗಿಗೆ ಮಾತಿನ ತಲೆ ಬುಡ ತಿಳಿಯಲಿಲ್ಲ. ಆದರೂ ಆಕೆಯ ದನಿ ಕೇಳಿ ಬಾಯಿ ಮುಚ್ಚಿಕೊಂಡು ವೈರು, ಚಾರ್ಜರು, ಬಿಲ್ಲು ಎಲ್ಲ ಪರೀಕ್ಷೆ ಮಾಡಿ ಚೀಲಕ್ಕೆ ತುಂಬಿದಳು. ಭೂತಗನ್ನಡಿಗೆ ಎರಡು ಮಾತು ಬೈದು ಒಂದು ಮೌಸನ್ನು ಪುಕ್ಕಟೆ ಕಿತ್ತುಕೊಂಡಳು.

ಸಂಜೆ ಗಂಡ ಬಂದಾಗ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದಿತ್ತು. ಅದರಲ್ಲಿ ಮುದುಕಮ್ಮ ಕೂತಿದ್ದಳು, ನೀಲಿ ತುಟಿಯವಳು. ಅವನ ಕೈಯಲ್ಲಿದ್ದ ಬುತ್ತಿ ಡಬ್ಬಿ ಹಾಗೇ ನಿಂತಿತು.

"ಮುಚ್ಚು ಅದನ್ನ."

"ಮುಚ್ಚಲ್ಲ."

"ಮುಚ್ಚು ಅಂದೆ."

"ಬೈರಿ, ಹೊಡೀರಿ, ಏನಾದ್ರೂ ಮಾಡಿ. ಮೊದ್ಲು ಕೇಳಿ." ಆಕೆ ಹೇಳಿದಳು. ಹದಿನಾಲ್ಕು ವರ್ಷದ ಬೆಳಗಿನ ಐದು ನಿಮಿಷ, ಹಳದಿ ಸ್ಕ್ರೀನು, ತಾನು ದಿನಾ ಬೆರೆಸಿದ ನೀಲಿ, ಎಲ್ಲ. ಹೇಳುವಷ್ಟು ಹೊತ್ತೂ ಅವನು ನಿಂತೇ ಇದ್ದ. "ಅವಳ ಬಣ್ಣ ಮರೆತುಹೋಗಿದೆ ರೀ. ನೆನಪಿದೆ ಅಂದುಕೊಂಡಿದ್ದೆ. ನೆನಪು ಮಾಡ್ಕೊಳ್ಳೋಕೆ ಹೋದ್ರೆ ಆ ಹಳದಿ ಸ್ಕ್ರೀನೇ ಬರುತ್ತೆ, ಅವಳು ಬರಲ್ಲ. ನೀವು ಹೇಳಿ. ನೀವು ಈ ಫೋಟೋ ನೋಡೇ ಇಲ್ಲ, ನಿಮ್ಮ ತಲೇಲಿ ಇರೋಳು ಕೆಟ್ಟಿಲ್ಲ."

ಅವನು ಡಬ್ಬಿ ಕೆಳಗಿಟ್ಟ. ಕುರ್ಚಿ ಎಳೆದುಕೊಳ್ಳಲಿಲ್ಲ, ಆಕೆಯ ಹಿಂದೆ ಬಂದು ನಿಂತ, ಗಿರಾಕಿಗಳು ನಿಲ್ಲುವ ಹಾಗೆ.

"ಇಷ್ಟು ಬೂದಿ ಇರಲಿಲ್ಲ."

"ಅದು ನನಗೂ ಗೊತ್ತು. ಹೇಗಿದ್ಲು ಹೇಳಿ." ಆಕೆ ನೀಲಿ ತೆಗೆದಳು.

"ಇನ್ನೂ ಸ್ವಲ್ಪ. ಹಾಂ. ಅಷ್ಟು ಕೆಂಪಲ್ಲ."

"ಈಗ?"

"ಈಗ ನಿನ್ನ ತಂಗಿ ಮಗಳ ಹಾಗೆ ಆದ್ಲು."

ಆಕೆಗೆ ನಗು ಬಂತು, ಅಳುವೂ ಬಂತು. ಮತ್ತೆ ತಿದ್ದಿದಳು. ಅವನು ಬಗ್ಗಿ ಬಗ್ಗಿ ನೋಡಿದ. ಹರಿದ ಸೀಟಿಗೆ ತೇಪೆ ಹಾಕುವಾಗ ರೆಕ್ಸಿನ್ ತುಂಡನ್ನು ಪಕ್ಕಕ್ಕೆ ಹಿಡಿದು ಬಣ್ಣ ತಾಳೆ ನೋಡಿ ಅಭ್ಯಾಸವಾದ ಮನುಷ್ಯ. ತೋಳು ಮಡಚಿ ತನ್ನ ಮುಂಗೈಯನ್ನು ಸ್ಕ್ರೀನಿನ ಒಂದು ಬದಿಗೆ ಹಿಡಿದ. "ನಿನ್ನ ಕೈ ಆ ಕಡೆ ಹಿಡಿ. ಇಬ್ಬರ ನಡುವೆ ಎಲ್ಲೋ ಇದ್ಲು."

ಹಿಡಿದಳು. ಎರಡು ಕೈಗಳ ನಡುವೆ ಮಗಳು ಕೂತಿದ್ದಳು. ಅವನ ಕೈಗೆ ಹದಿನಾಲ್ಕು ವರ್ಷದ ಡಿಪೋ ಬಿಸಿಲು, ಸೂಜಿ ಚುಚ್ಚಿದ ಕಲೆ. ಆಕೆಯದ್ದು ಬಿಸಿಲು ಕಾಣದೆ ಬಿಳಿಚಿಕೊಂಡು ಸುಕ್ಕಾದದ್ದು. ಆಗ ಇಬ್ಬರ ಕೈಯೂ ಹೀಗಿರಲಿಲ್ಲ. ಯಾವುದಕ್ಕೆ ಯಾವುದನ್ನು ತಾಳೆ ಹಾಕುವುದು? ಒಂದು ಗಂಟೆ, ಇನ್ನೂ ಹೆಚ್ಚು, ತಿದ್ದಿದರು. ಹತ್ತು ಹದಿನೈದು ಹುಡುಗಿಯರು ಬಂದು ಹೋದರು. ಒಬ್ಬಳೂ ಹೌದು ಅನ್ನಿಸಲಿಲ್ಲ, ಒಬ್ಬಳನ್ನೂ ಅಲ್ಲ ಅನ್ನುವ ಧೈರ್ಯವೂ ಬರಲಿಲ್ಲ.

"ಆಸ್ಪತ್ರೇಲಿ ಹಾಸಿಗೆ ಬದಲಾಯಿಸೋವಾಗ ಎತ್ತಿಕೊಳ್ತಿದ್ದೆ," ಅಂದ ಅವನು ಇದ್ದಕ್ಕಿದ್ದಂತೆ. ಆ ಮಾತನ್ನು ಅವನು ಇದುವರೆಗೆ ಯಾರ ಮುಂದೆಯೂ ಆಡಿರಲಿಲ್ಲ. "ಎಷ್ಟು ತೂಕ ಇದ್ಲು ಅಂತ ಕೇಳು, ಈಗ್ಲೂ ಹೇಳ್ತೀನಿ. ಈ ತೋಳಿಗೆ ಗೊತ್ತು. ಬಣ್ಣ... ನಾನು ಮುಖ ನೋಡ್ತಿರಲಿಲ್ಲ ಕಣೇ. ನೋಡೋಕಾಗ್ತಿರಲಿಲ್ಲ."

ಆಕೆ ಮೌಸಿನಿಂದ ಕೈ ತೆಗೆದಳು. ತಿದ್ದಿದ್ದನ್ನು ಉಳಿಸಲಿಲ್ಲ. ಬೂದಿ ಮುಖದವಳೇ ಮತ್ತೆ ಬಂದು ಕೂತಳು, ಕಣ್ಣಿನಲ್ಲಿ ಮಾತ್ರ ನಗುತ್ತಾ.

ಗಂಡ ಆಗ ಕುರ್ಚಿ ಎಳೆದು ಪಕ್ಕದಲ್ಲಿ ಕೂತ. ಮುಚ್ಚು ಅನ್ನಲಿಲ್ಲ. ತುಟಿ ಯಾಕೆ ಹಾಗೆ ಬಿಗಿ ಹಿಡಿದಿದ್ದಾಳೆ ಅಂತ ಕೇಳಿದ. ಹಲ್ಲು ಬಿದ್ದಿತ್ತಲ್ಲ ಅಂದಳು. ಹೌದಾ, ಯಾವ ಹಲ್ಲು, ಅಂದ. ಆಕೆ ಬೆರಳಿಟ್ಟು ತೋರಿಸಿದಳು.